ಹಂಪಮ್ಮನ ಬಾಯಿಗೆ ಹಂಪಮ್ಮನ ದನಿ

ನಾನು ಒಂದು ಮೈಕು. ಹುಟ್ಟಿದ್ದು ಜರ್ಮನಿಯ ಕಾರ್ಖಾನೆಯಲ್ಲಿ, ಬದುಕಿದ್ದು ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿ. ಹಡಗು, ಲಾರಿ ಹತ್ತಿಳಿದು ಬಂದ ನನ್ನನ್ನು ಪೆಟ್ಟಿಗೆಯಿಂದ ಎತ್ತಿಕೊಂಡವರು ಶಬ್ದಗ್ರಾಹಕ ವೆಂಕೋಬರಾಯರು. ನನ್ನ ತಲೆಗೊಂದು ಕುಂಕುಮದ ಬೊಟ್ಟಿಟ್ಟರು. ನನ್ನೆದುರು ಯಾರೂ ಕೆಮ್ಮಬಾರದೆಂದು ಕಟ್ಟಪ್ಪಣೆ ಮಾಡಿದರು.

ನನ್ನ ಮುಂದೆ ನಿಂತವರು ಎಷ್ಟೋ ಮಂದಿ, ಆದರೆ ಹಂಪಮ್ಮನಂಥವಳನ್ನು ನಾನು ಕಾಣೆ. ಗದಗಿನ ನಾಟಕ ಕಂಪನಿಯಿಂದ ಬಂದವಳು. ಕನ್ನಡ ಬಾರದ ನಾಯಕಿ ತೆರೆಯ ಮೇಲೆ ತುಟಿ ಆಡಿಸುತ್ತಿದ್ದರೆ, ಇವಳು ಮೊದಲು ಆಕೆಯ ಉಸಿರು ಹಿಡಿದು, ಮಾತನ್ನು ಅದರ ಹಿಂದೆ ಬಿಡುವಳು. ಒಂದೇ ಟೇಕು. ದೇವಿಯ ಪಾತ್ರವಾದರೆ ಅಂದು ಉಪವಾಸ. ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಶುರು. ಆ ದನಿ ಕೇಳಿ ಟಾಕೀಸಿನಲ್ಲಿ ಹೆಂಗಸರು ಕರ್ಪೂರ ಹಚ್ಚುತ್ತಾರೆಂದು ತಿಳಿದಾಗ ನಾನೂ ಉಬ್ಬಿಹೋದೆ.

ಅದೇ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಬೇರೆ ಚಿತ್ರ, ದೊಡ್ಡ 'ಎ' ಅಕ್ಷರದ್ದು. ಪೋಸ್ಟರಿನಲ್ಲಿ ದಿಂಬು ತಬ್ಬಿ ಮಲಗಿದ್ದ 'ಮಿಸ್ ಪಿಂಕಿ' ನಮ್ಮ ಹಂಪಮ್ಮನೇ. ಸಂಸಾರದ ಚಿತ್ರದವರಿಗೆ ಅವಳ ದನಿ ಬೇಕಿತ್ತು, ಮುಖ ಬೇಡವಾಗಿತ್ತು. ಮುಖ ಬೇಕೆಂದವರು ಈ ಬೆಳಗಿನ ಆಟದ ಚಿತ್ರದವರು ಮಾತ್ರ, ಹಾಗಾಗಿ ಅಲ್ಲಿಗೆ ಹೋದಳು. ಮಡಿ ಮಾತಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಎರಡೂ ಕಡೆ ಕ್ಯಾಮೆರಾದವನು ಒಬ್ಬನೇ, ಡ್ಯಾನ್ಸ್ ಮಾಸ್ತರೂ ಒಬ್ಬರೇ. ಬೆಳಗಿನ ಆಟದಲ್ಲಿ ಶಿಳ್ಳೆ ಹೊಡೆಸಿಕೊಂಡ ಮಳೆ ಹಾಡು ಆರು ತಿಂಗಳಲ್ಲಿ ಸೀರೆಯ ಬಣ್ಣ ಬದಲಿಸಿಕೊಂಡು ಮನೆಮಂದಿಯೆಲ್ಲ ನೋಡುವ ಹಾಡಾಗುತ್ತಿತ್ತು.

ದೇವಿ ಚಿತ್ರದ ನಿರ್ಮಾಪಕರು ಒಂದು ಷರತ್ತು ಹಾಕಿದರು: ದೇವಿಯ ದನಿ ಪಿಂಕಿಯ ಬಾಯಲ್ಲಿ ಕೇಳಬಾರದು. ಹಾಗಾಗಿ ಪಿಂಕಿಗೆ ಮಾತು ಕೊಡಲು ಬೇರೊಬ್ಬ ಹುಡುಗಿ ಬಂದಳು. ಹಂಪಮ್ಮ ಮುನಿಸಿಕೊಳ್ಳಲಿಲ್ಲ. ತನ್ನ ಮುಖಕ್ಕೆ ದನಿ ಕೊಡಲು ತಡವರಿಸುತ್ತಿದ್ದವಳ ಪಕ್ಕ ನಿಂತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಾನೇ ಹೇಳಿಕೊಟ್ಟಳು. ಆ ಹುಡುಗಿ ಹೋದ ಮೇಲೆ ರಾಯರಿಗೆ ಹೇಳಿದಳು: "ಸಾಯೂದ್ರೊಳಗ ಒಮ್ಮೆ ನನ್ನ ಮಾರಿಗೆ ನನ್ನ ದನಿ ಕೂಡಬೇಕ್ರಿ ರಾಯರ. ಒಂದ ಮಾತಾದ್ರೂ ಸಾಕು."

ರಾಯರು ನನ್ನನ್ನು ಒರೆಸಿ ಪೆಟ್ಟಿಗೆಯೊಳಗಿಟ್ಟರು.

ಕಾಲ ಕಳೆಯಿತು. ಬೆಳಗಿನ ಆಟ ನಿಂತಿತು, ಸ್ಟುಡಿಯೋ ಮುಚ್ಚಿತು. ರಾಯರು ನನ್ನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮನೆಗೊಯ್ದರು. ಅವರ ನಂತರ ನಾನು ಮಗಳು ಶುಭದಾಳ ಪುಟ್ಟ ಸ್ಟುಡಿಯೋಕ್ಕೆ ಬಂದೆ. ಅಲ್ಲಿಗೆ ಒಂದು ಮಧ್ಯಾಹ್ನ ಹಂಪಮ್ಮ ಬಂದಳು, ತಲೆ ಪೂರ್ತಿ ಬೆಳ್ಳಗೆ. ರೇವತಿ ಎಂಬ ಹೊಸ ನಿರ್ದೇಶಕಿ, ಪಿಂಕಿ ಯಾರೆಂದು ಚೆನ್ನಾಗಿ ಗೊತ್ತಿದ್ದೇ, ಅವಳಿಗೆ ಅಜ್ಜಿಯ ಪಾತ್ರ ಕೊಟ್ಟಿದ್ದಳು. ದನಿಯೂ ಅವಳದೇ ಇರಬೇಕೆಂದಿದ್ದಳು.

ದೃಶ್ಯ ಸಣ್ಣದು. ಅಜ್ಜಿ ಮಗಳ ಮನೆಯ ಬಾಗಿಲು ತಟ್ಟುತ್ತಾಳೆ. ಒಳಗಿನಿಂದ 'ಯಾರು?' ಎಂದು ಕೇಳುತ್ತಾರೆ. ಅಜ್ಜಿ 'ನಾನು' ಎನ್ನಬೇಕು, ಅಷ್ಟೇ.

ಹಂಪಮ್ಮ ನನ್ನನ್ನು ಕಣ್ಣಿಗೊತ್ತಿಕೊಂಡು ಬಾಯಿ ತೆರೆದಳು. ಬಂದದ್ದು ದೇವಿಯ ದನಿ. ಮತ್ತೊಮ್ಮೆ ಹೇಳಿದಳು, ಯಾವುದೋ ಹಳೆಯ ನಾಯಕಿ ಮಾತಾಡಿದಳು. ಒಂದೇ ಟೇಕಿನ ಹಂಪಮ್ಮನಿಗೆ ಹನ್ನೊಂದು ಟೇಕಾದರೂ ಆ ಒಂದು ಮಾತು ಬರಲಿಲ್ಲ. ನನಗೆ ಸಂಕಟವಾಯಿತು.

"ಅಮ್ಮ, ಈ ಅಜ್ಜಿಗೆ ನೀವು ಯಾರ ದನಿ ಕೊಡ್ತಿದ್ದೀರಾ?" ಎಂದು ರೇವತಿ ಮೆಲ್ಲಗೆ ಕೇಳಿದಳು.

ಹಂಪಮ್ಮ ತೆರೆಯತ್ತ ಬೆರಳು ತೋರಿಸಿದಳು. "ಮಾರಿ ಕಂಡ ಕೂಡಲೇ ಅದು ಮಂದಿದು ಅನಸ್ತೈತಿ. ಆ ಬಾಯಿ ನಂದ ಅನ್ನೂದ ಮರ್ತಬಿಡತೇನವ್ವ."

ಆಮೇಲೆ ಡಬ್ಬಿಂಗಿನವರು ಯಾರೂ ಮಾಡದ ಕೆಲಸ ಮಾಡಿದಳು. ತೆರೆಗೆ ಬೆನ್ನು ತಿರುಗಿಸಿ, ನನ್ನನ್ನೂ ತನ್ನ ಕಡೆಗೆ ತಿರುಗಿಸಿಕೊಂಡು, ಕಣ್ಣು ಮುಚ್ಚಿದಳು. ಬಾಗಿಲು ತಟ್ಟಿದ ಸದ್ದಾಯಿತು. ಒಳಗಿನಿಂದ 'ಯಾರು?' ಎಂಬ ದನಿ ಕೇಳಿಸಿತು. ಹಂಪಮ್ಮ ರಾಯರ ಅಪ್ಪಣೆಯನ್ನೇ ಮರೆತು ನನ್ನೆದುರು ಒಮ್ಮೆ ಕೆಮ್ಮಿದಳು. ಆಮೇಲೆ ಗದಗಿನ ಒರಟು, ಒಡಕು ದನಿಯಲ್ಲಿ ಅಂದಳು: "ನಾನು."

ತೆರೆಯ ಮೇಲಿನ ತುಟಿಗೂ ಆ ಮಾತಿಗೂ ಕೂದಲೆಳೆಯಷ್ಟೂ ತಾಳ ತಪ್ಪಿರಲಿಲ್ಲ. ಶುಭದಾ ಆ ಕೆಮ್ಮನ್ನೂ ತೆಗೆಯದೆ ಹಾಗೇ ಉಳಿಸಿದಳು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ಜಾಲರಿಗೆ ತುಕ್ಕು ಹಿಡಿದಿದೆ, ಕಿವಿಯೂ ಮಂದ. ಜೀವಮಾನವಿಡೀ ಮಂದಿಯ ಮಾತು ಹೊತ್ತ ನಾನು ಈ ಕಥೆಯನ್ನು 'ನಾನು' ಎಂದು ಶುರುಮಾಡಿದೆನಲ್ಲ, ಆ ಮಾತು ಆಡುವುದನ್ನು ಕಲಿತದ್ದು ಅವಳಿಂದಲೇ.