ಖುದ್ದಾಗಿ ನೋಡಿದ್ದೇನೆ

ಹನ್ನೊಂದನೆಯ ಸ್ಲೈಡಿನವರೆಗೆ ಏನೂ ತೊಂದರೆಯಿಲ್ಲ, ಎಂದುಕೊಳ್ಳುತ್ತ ಅವನು ಪ್ರೊಜೆಕ್ಟರಿನ ವೈರು ಸಿಕ್ಕಿಸಿದ. ಇವತ್ತು ಹೇಳಿಯೇ ಬಿಡಬೇಕು. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಗೆ ಹೇಳಿದ್ದಾಗಿತ್ತು. ಕನ್ನಡಿ ಏನೂ ಅಂದಿರಲಿಲ್ಲ.

ಎರಡು ವರ್ಷದ ಹಿಂದೆ ಈ ಕಾರ್ಖಾನೆಯಲ್ಲಿ ಕ್ಲೋರಿನ್ ಸೋರಿ ಒಬ್ಬ ಫಿಟ್ಟರ್ ಸತ್ತ. ಆ ಸಾವಿನ ಪಾಠವನ್ನು ಬೇರೆ ಕಾರ್ಖಾನೆಗಳವರಿಗೆ ಹೇಳುವುದು ಈಗ ಅವನ ಕೆಲಸ. ಸುರಕ್ಷತಾ ಅಧಿಕಾರಿ ಅಂತ ಬಡ್ತಿ. ಇದು ಒಂಬತ್ತನೆಯ ಸಲ. ಚೆನ್ನಾಗಿ ಹೇಳುತ್ತಾನೆಂದು ಹೆಸರೂ ಬಂದಿದೆ.

ಹನ್ನೆರಡನೆಯ ಸ್ಲೈಡಿನಲ್ಲಿ, ಪೈಪು ಬಿಚ್ಚಲು ಆ ದಿನ ಫಿಟ್ಟರನಿಗೆ ಕೊಟ್ಟ ಪರವಾನಗಿ ಚೀಟಿ. 'ಪೈಪು ಖಾಲಿಯಿದೆ, ಖುದ್ದಾಗಿ ನೋಡಿದ್ದೇನೆ' ಎಂಬ ಅಚ್ಚಿನ ಸಾಲು. ಅದರ ಕೆಳಗಿನ ಸಹಿಯನ್ನು ಬಿಳಿ ಪಟ್ಟಿಯಿಂದ ಮುಚ್ಚಿದೆ. ಸಹಿ ಅವನದೇ. ಆಗ ಅವನು ಶಿಫ್ಟ್ ಇಂಜಿನಿಯರ್. ಬೆಳಿಗ್ಗೆ ಚಹಾ ಕುಡಿಯುತ್ತ ಇಡೀ ದಿನದ ಚೀಟಿಗಳಿಗೆ ಒಟ್ಟಿಗೆ ಸಹಿ ಗೀಚಿ ಕೊಡುವುದು ಎಲ್ಲ ಶಿಫ್ಟಿನವರ ರೂಢಿ. ಒಂದೊಂದನ್ನೂ ನೋಡಿಕೊಂಡು ಬರಹೋದರೆ ಕೆಲಸ ಶುರುವಾಗುವುದು ಯಾವ ಕಾಲಕ್ಕೆ? ವಿಚಾರಣೆಯಲ್ಲಿ, ನೋಡಿದ್ದೆ ಎಂದ. ಹಾಗಾದರೆ ಆಮೇಲೆ ವಾಲ್ವ್ ತೆರೆದವನು ಫಿಟ್ಟರೇ ಎಂದು ವರದಿ ಬಂತು. ಸತ್ತವನು ಎದುರು ಮಾತಾಡಲಿಲ್ಲ.

ನಿಜ ಗೊತ್ತಿದ್ದ ಇನ್ನೊಬ್ಬನೆಂದರೆ ಆ ಫಿಟ್ಟರ್. ಅವನೊಬ್ಬನಿದ್ದಿದ್ದರೆ ಮಾತಾಡಬಹುದಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಹಾಜರಿ ಹಾಳೆ ಹಿಡಿದು ರೆಕಾರ್ಡ್ ರೂಮಿನ ಹೆಂಗಸು ಬಂದಳು. ಫಿಟ್ಟರನ ಹೆಂಡತಿ. ಗಂಡ ಹೋದ ಮೇಲೆ ಕೊಟ್ಟ ಕೆಲಸ.

"ಸರ್, ನಾನೂ ಕೂತ್ಕೊಂಡು ಕೇಳ್ಲಾ?"

"ನಿಮಗ್ಯಾಕಮ್ಮ ಇದೆಲ್ಲ."

"ಮಗಳು ಕೇಳ್ತಿರ್ತಾಳೆ, ಅಪ್ಪ ಏನು ತಪ್ಪು ಮಾಡಿದ್ರು ಅಂತ. ಸರಿಯಾಗಿ ತಿಳ್ಕೊಂಡು ಹೇಳೋಣ ಅಂತ."

ಅವನು ಪ್ರೊಜೆಕ್ಟರಿನ ಧೂಳು ಒರೆಸಿದ. "ಕೂತ್ಕೊಳ್ಳಿ."

ಅವಳು ಕೊನೆಯ ಸಾಲಿನಲ್ಲಿ ಪುಟ್ಟ ನೋಟ್‌ಬುಕ್ ಬಿಚ್ಚಿ ಕೂತಳು.

ಹನ್ನೆರಡನೆಯ ಸ್ಲೈಡ್ ಬಂತು. ಅವನು ನಿಂತ. ಬಿಳಿ ಪಟ್ಟಿಯತ್ತ ಬೆರಳು ತೋರಿಸಿದ.

"ಈ ಸಹಿ..." ಎಂದ.

"ಯಾರದು ಸರ್?" ಮುಂದಿನ ಸಾಲಿನವರೊಬ್ಬರು ಕೇಳಿದರು.

ಕೊನೆಯ ಸಾಲಿನಲ್ಲಿ ಪೆನ್ಸಿಲ್ ಕಾಯುತ್ತಿತ್ತು. ಈಗ ಹೇಳಬಹುದಿತ್ತು. ಒಂದೇ ಮಾತು.

"ಹೆಸರು ಮುಖ್ಯ ಅಲ್ಲ. ಪಾಠ ಮುಖ್ಯ."

ತಲೆಗಳು ಆಡಿದವು. ಕೆಲವರು ಅದನ್ನು ಬರೆದುಕೊಂಡರು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು, ಜೊತೆಗೇ ಜೀವಕ್ಕೆ ಹಾಯೆನಿಸಿತು. ಮುಂದಿನ ಸ್ಲೈಡಿನಲ್ಲಿ ವಾಲ್ವ್, ಫಿಟ್ಟರನ ಅಜಾಗರೂಕತೆ. ಅವನ ದನಿ ಎಲ್ಲೂ ತಡವರಿಸಲಿಲ್ಲ. ಮುಗಿದಾಗ ಚಪ್ಪಾಳೆಯಾಯಿತು. ಪ್ರಶ್ನೆಗಳಿವೆಯೇ ಎಂದು ಕೇಳಿ ಹನ್ನೆರಡನೆಯ ಸ್ಲೈಡಿಗೆ ಹಿಂದೆ ಹೋಗುವಷ್ಟರಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದರು. ಅವನನ್ನು ಯಾರೂ ಕರೆಯಲಿಲ್ಲ.

ಅವಳು ಹಾಳೆ ತಂದಳು. 'ಪಾಠ ಅರ್ಥವಾಗಿದೆ' ಎಂಬ ಸಾಲಿನ ಕೆಳಗೆ ನಲವತ್ತು ಸಹಿ.

"ಇಷ್ಟು ಬೇಗ?"

"ಬೆಳಿಗ್ಗೆ ಚಹಾ ಕುಡೀತಾನೇ ಹಾಕಿಬಿಟ್ರು ಸರ್. ಆಮೇಲೆ ಗಡಿಬಿಡಿ ಬೇಡ ಅಂತ."

ಅವಳು ನೋಟ್‌ಬುಕ್ ತೆರೆದಳು. "ವಾಲ್ವ್ ಅವರೇ ತೆರೆದ್ರು ಅಂತ ಬರ್ಕೊಂಡಿದೀನಿ. ಸರೀನಾ ಸರ್?"

"ನನ್ನ ಸಹಿ ಎಲ್ಲಿ ಬೇಕು?"

ಅವಳು ತಲೆಯೆತ್ತಿದಳು. ಅವನ ಎದೆಯನ್ನೇ ನೋಡುತ್ತಿದ್ದಳು. ಪ್ರೊಜೆಕ್ಟರ್ ಆರಿಸುವುದು ಮರೆತಿತ್ತು. ಪರದೆಯ ಮುಂದೆ ನಿಂತಿದ್ದ ಅವನ ಅಂಗಿಯ ಮೇಲೆ ಆ ಅಚ್ಚಿನ ಸಾಲು, ಕೆಳಗೆ ಬಿಳಿ ಪಟ್ಟಿ.

"ನಿಮ್ಮ ಮೇಲೆ ಬಿದ್ದಿದೆ ಸರ್."

ಅವನು ಧೂಳು ಕೊಡವುವಂತೆ ಎದೆ ಒರೆಸಿದ. ಸಾಲು ಕೈಯ ಮೇಲೆ ಬಂತು.