ವನಜಳ ಮುಯ್ಯಿ

ಮೂರನೇ ಕಂತೆ ಪೈರು ಬಿಚ್ಚುವಷ್ಟರಲ್ಲಿ ವನಜಳ ಕೈ ಸೋತುಹೋಯಿತು. ಕೆಸರಿಗೆ ಪೈರು ಊರುವುದಕ್ಕೂ ಮೈಯಲ್ಲಿ ಜೀವ ಬೇಕಲ್ಲ, ಅದೇ ಇರಲಿಲ್ಲ. ಅಕ್ಕಪಕ್ಕದವರು ಬಗ್ಗಿದ ಬೆನ್ನು ಎತ್ತದೆ, ಬಾಯಿಗೂ ಬಿಡುವು ಕೊಡದೆ, ಹಿಂದಹಿಂದಕ್ಕೆ ನೆಡುತ್ತಾ ಹೋಗುತ್ತಿದ್ದರು. ಇವಳ ಎದೆಯೊಳಗೆ ಮಾತ್ರ ಬುಟ್ಟಿಯಡಿ ಕವುಚಿಹಾಕಿದ ಕೋಳಿಯ ಹಾಗೆ ಏನೋ ಪಟಪಟ ಅನ್ನುತ್ತಿತ್ತು.

ಗದ್ದೆ ಮರಿತಾಯಮ್ಮನದು. ಹೋದ ವಾರ ಮರಿತಾಯಮ್ಮ, ಅವಳ ಸೊಸೆ ಸುನಿತಾ ಇಬ್ಬರೂ ಬಂದು ವನಜಳ ಗದ್ದೆ ನೆಟ್ಟುಕೊಟ್ಟಿದ್ದರು. ಅದಕ್ಕೆ ಪ್ರತಿಯಾಗಿ ಈಗ ವನಜಾ ಇವರ ಗದ್ದೆಯಲ್ಲಿ ದುಡಿಯಬೇಕು. ಮುಯ್ಯಾಳು ಅಂದರೆ ಇಷ್ಟೇ, ದುಡ್ಡಿನ ಮಾತಿಲ್ಲ, ಆಳಿಗೆ ಆಳು. ಯಾರೋ ಕೂಲಿಯವಳನ್ನು ಕಳಿಸಿ ಕೈತೊಳೆದುಕೊಂಡರೆ ಊರೆಲ್ಲ ಆಡಿಕೊಳ್ಳುತ್ತದೆ.

"ನೀನ್ಯಾಕೆ ಓಯ್ತೀಯೆ? ಡಾಕ್ಟ್ರು ಏನಂದ್ರು ಮರ್ತೋಯ್ತಾ?" ಎಂದು ಬೆಳಿಗ್ಗೆ ಗಂಡ ರಾಜೇಂದ್ರ ಸೋಮನಹಳ್ಳಿಯ ಫ್ಯಾಕ್ಟರಿಗೆ ಹೊರಡುವಾಗ ಬೈದಿದ್ದ. ಮರೆಯುವುದೇನು ಬಂತು! ಮಂಡ್ಯದ ಡಾಕ್ಟರು ಇಸಿಜಿಯ ಗೀಟು ತೋರಿಸಿ, ಹೃದಯ ಲಯ ತಪ್ಪಿ ಬಡೀತಿದೆ, ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ ಎಂದು ಬಿಡಿಸಿ ಹೇಳಿದ್ದರು. ರಕ್ತ ತೆಳುವಾಗಲು ಒಂದು ಮಾತ್ರೆ, ಬಡಿತದ ಓಟ ತಗ್ಗಲು ಇನ್ನೊಂದು. "ಸುಸ್ತು ಇರುತ್ತಮ್ಮ. ದಣಿಯೋಕೆ ಮುಂಚೇನೇ ಕೂತ್ಕೋಬೇಕು," ಎಂದಿದ್ದರು. ದಣಿಯೋಕೆ ಮುಂಚೆ ಕೂತುಕೊಳ್ಳುವುದು ಹೇಗೋ, ಅದು ಅವರಿಗೇ ಗೊತ್ತು. ಇವಳಿಗೆ ಮಲಗೆದ್ದರೇ ಸುಸ್ತು. ತಲೆ ಬಾಚಲು ಕೈ ಎತ್ತಿದರೆ ಸುಸ್ತು. ಕಾಲು ಮುರಿದಿದ್ದರೆ ಕಟ್ಟಾದರೂ ಕಾಣುತ್ತಿತ್ತು, ಇದು ಯಾರ ಕಣ್ಣಿಗೆ ಬೀಳಬೇಕು? "ಗುಂಡುಕಲ್ಲಿನಂಗವ್ಳೆ, ಅದೇನು ಸುಸ್ತೋ!" ಅನ್ನುವ ಮಾತು ನಲ್ಲಿಯ ಹತ್ತಿರ ಅವಳ ಕಿವಿಗೇ ಬಿದ್ದಿತ್ತು.

ಆ ಮಾತಿಗಿಂತಲೂ ಅವಳು ಹೆದರಿದ್ದು ಕನಿಕರಕ್ಕೆ. ಹಿಂದೊಮ್ಮೆ ಚಿಕ್ಕನಂಜಮ್ಮನಿಗೆ ಸೊಂಟ ಹಿಡಿದಾಗ ಇದೇ ಹೆಂಗಸರು, "ಬುಡವ್ವ, ನಿನ್ ಮುಯ್ಯಿ ತೀರ್ತು," ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆವತ್ತಿನಿಂದ ಅವಳನ್ನು ಯಾರೂ ನಾಟಿಗೆ ಕರೆಯಲಿಲ್ಲ, ಕಳೆಗೆ ಕರೆಯಲಿಲ್ಲ. ಉಳಿದವರು ನಗುನಗುತ್ತಾ ಗದ್ದೆಗೆ ಹೋಗುವುದನ್ನು ಜಗಲಿಯಿಂದ ನೋಡುವುದಷ್ಟೇ ಅವಳ ಪಾಲಿಗೆ ಬಂತು. ಅಂಥ ಬಾಳು ತನಗೆ ಬೇಡವೇ ಬೇಡ ಎಂದು ವನಜಾ ಹಟ ಹಿಡಿದು ಬಂದಿದ್ದಳು.

ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನೋಡಿದರೆ ಒಂದು ವಿಚಿತ್ರ. ಅಷ್ಟು ನಿಧಾನ ಮಾಡಿದರೂ ತಾನು ಹಿಂದೆ ಬಿದ್ದಿಲ್ಲ, ಇಬ್ಬರ ಸಮಕ್ಕೇ ಇದ್ದೇನೆ! ನೆಟ್ಟ ಪೈರಿನ ಮೇಲೆ ಕಣ್ಣು ಹಾಯಿಸಿದಳು. ಅವಳ ಪಾಲಿನ ಪಟ್ಟೆ ಬರಬರುತ್ತಾ ಕಿರಿದಾಗಿ ಮೊಳದಗಲಕ್ಕೆ ಇಳಿದಿತ್ತು. ಎಡಗಡೆಯಿಂದ ಸುನಿತಾ, ಬಲಗಡೆಯಿಂದ ಮರಿತಾಯಮ್ಮ ಒಂದೊಂದೇ ಸಾಲು ತಮ್ಮ ಕಡೆಗೆ ಎಳೆದುಕೊಂಡು ನೆಡುತ್ತಿದ್ದರು. ಬಾಯಲ್ಲಿ ಮಾತ್ರ ನಿಡಘಟ್ಟದ ಯಾರದೋ ಬೀಗರೂಟದ ಸುದ್ದಿ.

ವನಜಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಮೊದಲು ಹೊರಬಿದ್ದದ್ದು ಸಿಟ್ಟು.

"ನನ್ ಪಾಲು ಯಾಕ್ರವ್ವಾ ನೆಡ್ತಿದ್ದೀರಿ? ನಾನೇನ್ ಸತ್ತೋದ್ನಾ?"

"ಸಾಯ್ಬಾರ್ದು ಅಂತ್ಲೇ ನೆಡ್ತಿರೋದು," ಎಂದಳು ಮರಿತಾಯಮ್ಮ, ಬಗ್ಗಿದಲ್ಲಿಂದಲೇ. "ಮಕ ನೋಡು, ಸುಣ್ಣ ಬಳ್ದಂಗೈತೆ. ಓಗಿ ಬದಿನ ಮ್ಯಾಲೆ ಕುಂತ್ಕೊ."

"ಕುಂತ್ಕಳಕ್ಕೆ ಬಂದಿಲ್ಲ ನಾನು. ಮುಯ್ಯಿ ತೀರ್ಸಕ್ಕೆ ಬಂದಿರೋದು."

ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಕೆಸರಲ್ಲೇ ಮಂಡಿಯೂರಿದಳು. ಸುನಿತಾ ಓಡಿಬಂದು, ಕಂಕುಳಿಗೆ ಕೈ ಕೊಟ್ಟು, ಬದುವಿಗೆ ತಂದು ಕೂರಿಸಿ ನೀರು ಕುಡಿಸಿದಳು. "ಆಟೋ ಕರೀಲಾ ಅಕ್ಕ?" ಎಂದಳು. ವನಜಾ ಬೇಡವೆಂದು ಕೈಯಾಡಿಸಿದಳು. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ಮರಿತಾಯಮ್ಮ ಕೈ ತೊಳೆದುಕೊಂಡು ಎದುರಿಗೆ ಬಂದು ನಿಂತಳು.

ವನಜಾ ತಲೆಯೆತ್ತಲಿಲ್ಲ. "ಏಳ್ಬುಡು ಅತ್ತಾಗಿ. ನನ್ ಮುಯ್ಯಿ ತೀರ್ತು ಅಂತ ನೀನೂ ಏಳ್ಬುಡು."

"ಯಾವ ಬಾಯಲ್ಲಿ ಏಳ್ಲಿ?" ಮರಿತಾಯಮ್ಮ ಗದರಿದಳು. "ಮೂರು ಕಂತೆ ನೆಟ್ಟಿದ್ಕೆ ತೀರ್ತು ಅನ್ನಕ್ಕೆ ನಂಗೇನ್ ಬುದ್ಧಿ ಕೆಟ್ಟೈತಾ? ನಿನ್ ಗದ್ದೇಲಿ ಇಡೀ ದಿನ ಬಗ್ಗಿಲ್ವಾ ನಾವು? ಇವತ್ತಿಂದು ಅರ್ಧಾಳೂ ಆಗ್ಲಿಲ್ಲ ಕಣಮ್ಮಿ. ನಾಳೀಕ್ ಬಂದು ಇನ್ನೊಸಿ ನೆಡು. ಆಗಲ್ಲ ಅನ್ಸುದ್ರೆ ಅಲ್ಲೇ ಕುಂತ್ಕೊ, ಎದ್ದು ಇನ್ನೊಸಿ ನೆಡು. ಆಮ್ಯಾಕೆ ಕಳೆ ಐತೆ, ಕುಯ್ಲೈತೆ. ಬುಡೋಳಲ್ಲ ನಾನು."

ವನಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೂಗೂ ಒರೆಸಿಕೊಂಡಳು. "ನಾಳೀಕೆ ಎಷ್ಟೊತ್ಗೆ ಬರ್ಲಿ?"

"ನಿಂಗೆ ಆದಾಗ ಬಾ. ಗದ್ದೆ ಏನು ಎದ್ದೋಗಲ್ಲ."

ಅತ್ತೆ ಸೊಸೆ ಇಬ್ಬರೂ ಮತ್ತೆ ಗದ್ದೆಗಿಳಿದರು. ಸುನಿತಾ ಎಡಕ್ಕೆ ಸರಿದಳು, ಮರಿತಾಯಮ್ಮ ಬಲಕ್ಕೆ ಸರಿದಳು. ಹೊತ್ತು ಇಳಿಯುವ ವೇಳೆಗೆ ಗದ್ದೆ ತುಂಬ ಎಳೆಪೈರು ನಿಂತಿತ್ತು. ನಡುವೆ ಒಂದಾಳಗಲದ ಪಟ್ಟೆಯಲ್ಲಿ ಮಾತ್ರ ಬರೀ ನೀರಿತ್ತು, ಅದರ ತುದಿಯಲ್ಲಿ ಅದಕ್ಕೆ ಬೇಕಾದಷ್ಟು ಪೈರಿನ ಕಂತೆಗಳನ್ನು ಬಾಡದ ಹಾಗೆ ಕೆಸರಲ್ಲಿ ಒತ್ತಿ ನಿಲ್ಲಿಸಿದ್ದರು.