ಶಾಯಿ ಹತ್ತಿದ ಬೆರಳಿನ ವುಜೂ

ಕಬರಸ್ಥಾನಕ್ಕೆ ಹೋಗುವ ದಾರಿಗೆ ಊರ ಒಡೆಯ ಹೂವಯ್ಯ ಬೇಲಿ ಹಾಕಿ ಎರಡು ಮಳೆಗಾಲ ಕಳೆದಿತ್ತು. ಹೊಸನಗರದ ಹತ್ತಿರದ ಆ ಊರಿನ ಸಾಬರ ಕೇರಿಯಲ್ಲಿ ಯಾರು ಸತ್ತರೂ ಜನಾಜಾ ಹೊತ್ತವರು ಹಳ್ಳಕ್ಕಿಳಿದೇ ಹೋಗಬೇಕು. ಕಳೆದ ಆಷಾಢದಲ್ಲಿ ಕಾಲು ಜಾರಿ ಹೆಣ ನೀರಿಗೆ ಬಿತ್ತು. ಸತ್ತವರು ಗಾಡಿ ಹೊಡೆಯುವ ದಸ್ತಗೀರನ ತಂದೆ.

ಈಗ ಪಂಚಾಯಿತಿ ಚುನಾವಣೆ. ಹೂವಯ್ಯ ನಿಂತಿದ್ದ. ಎದುರಿಗೆ ಭೂತಪ್ಪ. ಗೆದ್ದರೆ ದಾರಿ ಬಿಡಿಸುತ್ತೇನೆ ಎಂದು ಭೂತಪ್ಪ ಕೇರಿಯ ನಡುವೆ ನಿಂತು ಮಾತು ಕೊಟ್ಟಿದ್ದ. ಆದರೆ ಮತದಾನದ ದಿನ ಬೆಳಿಗ್ಗೆ ಕೇರಿಯಿಂದ ಒಂದು ನರಪಿಳ್ಳೆಯೂ ಹೊರಡಲಿಲ್ಲ.

"ಏನೋ, ಓಟಿಗೆ ಹೋಗಲ್ವೇನೋ?" ದಸ್ತಗೀರನ ತಾಯಿ ಜುಲೇಖಾಬಿ ಕೇಳಿದಳು.

"ಹೋಗಬಾರದಂತೆ ಅಮ್ಮಾ. ಬೆರಳಿಗೆ ಕಪ್ಪು ಶಾಯಿ ಹಚ್ತಾರೆ. ಎಷ್ಟು ತಿಕ್ಕಿದ್ರೂ ಹೋಗಲ್ಲ. ಅದರ ಮೇಲೆ ವುಜೂ ಆಗಲ್ಲ."

ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆದು ಶುದ್ಧವಾಗುವುದೇ ವುಜೂ. ಅದಿಲ್ಲದೆ ನಮಾಜಿಲ್ಲ.

"ಯಾರು ಹೇಳಿದ್ದು?"

"ಜಟ್ಟಿಂಗಪ್ಪ. ತೀರ್ಥಹಳ್ಳಿ ಮೌಲ್ವಿ ಹೇಳಿದ್ರಂತೆ."

"ಹೂವಯ್ಯನ ಆಳು ನಿನಗೆ ನಮಾಜು ಕಲಿಸ್ತಾನೇನೋ! ನಿನ್ನಪ್ಪನ ಜನಾಜಾಕ್ಕೆ ದಾರಿ ಬಿಡದೋರು ನಿನಗೆ ಸ್ವರ್ಗದ ದಾರಿ ತೋರಿಸ್ತಾರಾ?"

"ಹಂಗಲ್ಲಮ್ಮಾ. ನಮ್ಮ ಧರ್ಮದಲ್ಲಿ ಈ ಓಟು ಗೀಟು ಎಲ್ಲಿದೆ?"

ಮುದುಕಿ ಕೋಲು ಹಿಡಿದು ಮಸೀದಿಗೆ ನಡೆದಳು. ಮಗ ಹಿಂದೆ ಓಡಿದ. ನಮಾಜು ಮಾಡಿಸುವ ಇಮಾಮರು ಬಾಗಿಲಲ್ಲೇ ಇದ್ದರು. ಮಾತು ಕೇಳಿ ಅವರಿಗೆ ಸಿಟ್ಟು ಬಂತು.

"ಹಿಟ್ಟು ಒಣಗಿ ಉಗುರಿಗೆ ಅಂಟಿದ್ರೆ ನೀರು ತಾಗಲ್ಲ, ಕೆರೆದು ತೆಗೀಬೇಕು. ಶಾಯಿ ಬರೀ ಬಣ್ಣ. ನಿನ್ನ ಹೆಂಡ್ತಿ ಮೆಹಂದಿ ಹಚ್ಕೊಂಡು ನಮಾಜು ಮಾಡಲ್ವೇನಯ್ಯಾ? ಓಟು ಅಂದ್ರೆ ಸಾಕ್ಷಿ. ಇವನು ಯೋಗ್ಯ ಅಂತ ನೀನು ಹೇಳೋ ಸಾಕ್ಷಿ. ಸಾಕ್ಷಿ ಮುಚ್ಚಿಡಬೇಡಿ ಅಂತ ಕುರಾನ್ ಹೇಳ್ತದೆ. ಒಬ್ಬರನ್ನೊಬ್ಬರು ಕೇಳಿ ಕೆಲಸ ನಡೆಸಿ ಅಂತಲೂ ಹೇಳ್ತದೆ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಜುಲೇಖಾಬಿ ಗದರಿದಳು.

"ನನ್ನನ್ನ ಯಾರು ಕೇಳಿದ್ರಮ್ಮಾ? ಎಲ್ಲರೂ ಜಟ್ಟಿಂಗಪ್ಪನ್ನ ಕೇಳಿದ್ರಿ."

ತಾಯಿ, ಮಗ ಅಲ್ಲಿಂದಲೇ ಮತಗಟ್ಟೆಗೆ ಹೊರಟರು. ಕೇರಿಯ ಬಾಯಲ್ಲಿ ಜಟ್ಟಿಂಗಪ್ಪ ಅಡ್ಡ ನಿಂತಿದ್ದ. "ಸಾಬ್ರೇ, ನಾಳೆಯಿಂದ ನಿಮ್ಮ ಗಾಡಿಗೆ ಒಡೇರ ಮನೆ ಬಾಡಿಗೆ ಇಲ್ಲ. ಯೋಚ್ನೆ ಮಾಡಿ."

ದಸ್ತಗೀರನ ಕಾಲು ನಿಂತವು. ತಾಯಿಯ ಕಾಲು ನಿಲ್ಲಲಿಲ್ಲ. "ಸರಿಯೋ ಆಚೆ," ಎಂದು ಕೋಲು ಎತ್ತಿ ದಾಟಿಯೇ ಹೋದಳು.

ಶಾಲೆಯಲ್ಲಿ ಮತ ಹಾಕಿ ಅವಳು ಮರಳಿದಾಗ ಮಧ್ಯಾಹ್ನದ ಅಜಾನ್ ಆಗಿತ್ತು. ಜಗಲಿಯ ಮೇಲೆ ಕೂತು, ಇಡೀ ಕೇರಿ ನೋಡುತ್ತಿರುವಾಗ ಆ ಕಪ್ಪು ಬೆರಳಿನ ಮೇಲೇ ನೀರು ಸುರಿದುಕೊಂಡು ವುಜೂ ಮಾಡಿದಳು. ಹೊಸಿಲ ಒಳಗೆ ಚಾಪೆ ಹಾಸಿ ನಮಾಜು ಮುಗಿಸಿದಳು.

ಜಗಲಿಯ ಕೆಳಗೆ ಕೂತಿದ್ದ ದಸ್ತಗೀರ ಎದ್ದ. "ಬಾಡಿಗೆ ಹೋದ್ರೆ ಹೋಗ್ಲಿ. ನಾಳೆ ಅಮ್ಮನನ್ನೂ ಅಪ್ಪನ ಹಂಗೆ ಹಳ್ಳದಲ್ಲಿ ಹೊತ್ಕೊಂಡು ಹೋಗಲ್ಲ ನಾನು. ನಡೀರಿ!"

ಗಂಡಸರು, ಹೆಂಗಸರು, ಕೇರಿಗೆ ಕೇರಿಯೇ ಹೊರಟಿತು. ಜಟ್ಟಿಂಗಪ್ಪ ಚರಂಡಿಯ ಪಕ್ಕಕ್ಕೆ ಸರಿದ.

ಅಣ್ಣಂದಿರೇ, ಅಕ್ಕಂದಿರೇ, ನೀವು ಯಾವ ದೇವರಿಗೆ ಕೈ ಮುಗಿದರೂ ಸರಿ, ಧರ್ಮದ ಹೆಸರು ಹೇಳಿ ನಿಮ್ಮನ್ನು ಮತಗಟ್ಟೆಯಿಂದ ತಡೆಯುವವನಿಗೆ ಒಂದೇ ಪ್ರಶ್ನೆ ಹಾಕಿ: "ನಾನು ಮನೆಯಲ್ಲಿ ಕೂತರೆ ಲಾಭ ಯಾರಿಗೆ?" ಅವನ ಉತ್ತರಕ್ಕೆ ಕಾಯುತ್ತಾ ನಿಲ್ಲಬೇಡಿ. ಮತಗಟ್ಟೆಯ ಬಾಗಿಲು ಸಂಜೆಗೆ ಮುಚ್ಚುತ್ತದೆ.